ಕುದುರೆ ಮರಿಗಳ ಪೋಷಣೆ: ಬೆಂಗಳೂರು ಸೀಮೆಯ ಕ್ರಮ

ಕುದುರೆ ಮರಿಯ ಪೋಷಣೆ ಎಂದರೆ ಹುಟ್ಟಿದ ಗಳಿಗೆಯಿಂದ ಸುಮಾರು ಒಂದೂವರೆ ವರ್ಷದವರೆಗೆ ಮರಿಗೆ ಸಲ್ಲಬೇಕಾದ ಹಾಲು, ಹುಲ್ಲು, ಕಾಳು, ಖನಿಜ ಮತ್ತು ನೀರಿನ ವ್ಯವಸ್ಥೆ. ಕುದುರೆಯ ಆಯುಷ್ಯದಲ್ಲಿ ಇಷ್ಟು ವೇಗದ ಬೆಳವಣಿಗೆ ಮತ್ತೆಂದೂ ನಡೆಯುವುದಿಲ್ಲ. ಬಲಿತಾಗ 500 ಕೆ.ಜಿ. ತೂಗುವ ಥರೋಬ್ರೆಡ್ ಹುಟ್ಟುವಾಗ 50 ಕೆ.ಜಿ.ಯ ಆಸುಪಾಸಿನಲ್ಲಿರುತ್ತದೆ, ಐದು ವಾರ ಕಳೆಯುವುದರೊಳಗೆ ಆ ತೂಕ ಇಮ್ಮಡಿಯಾಗುತ್ತದೆ, ಆರು ತಿಂಗಳಿಗೆ ಸುಮಾರು 215 ಕೆ.ಜಿ., ವರ್ಷ ತುಂಬುವಾಗ ಸುಮಾರು 320 ಕೆ.ಜಿ. ಮುಟ್ಟುತ್ತದೆ. ಎತ್ತರ ಇದಕ್ಕಿಂತ ಮುಂದೆ ಓಡುತ್ತದೆ. ಆರು ತಿಂಗಳ ಮರಿ ತನ್ನ ಪೂರ್ಣ ಎತ್ತರದ ಶೇ. 80ಕ್ಕೂ ಹೆಚ್ಚನ್ನು, ವರ್ಷದ ಮರಿ ಶೇ. 90ಕ್ಕೂ ಹೆಚ್ಚನ್ನು ಪಡೆದಿರುತ್ತದೆ. ಮೈ ತುಂಬುವ ಮೊದಲೇ ಎಲುಬು ನೀಳವಾಗುವುದರಿಂದ, ಮರಿಯ ಆಹಾರದಲ್ಲಿ ಎಷ್ಟು ತಿನ್ನಿಸಬೇಕೆಂಬುದಕ್ಕಿಂತ ಯಾವುದನ್ನು ಯಾವುದರ ಜೊತೆ ತಿನ್ನಿಸಬೇಕೆಂಬುದೇ ದೊಡ್ಡ ಪ್ರಶ್ನೆ. ಬೆಂಗಳೂರಿನ ಸುತ್ತಮುತ್ತ ಸುಲಭವಾಗಿ ಸಿಗುವ ಗೋಧಿ ಬೂಸ, ಅಕ್ಕಿ ತೌಡು, ಆನೆಹುಲ್ಲುಗಳು ಮರಿಯ ಹೊಟ್ಟೆ ತುಂಬಿಸುತ್ತಲೇ ಅದರ ಎಲುಬನ್ನು ಸೊರಗಿಸಬಲ್ಲವಾದ್ದರಿಂದ ಈ ಪ್ರಶ್ನೆ ಇಲ್ಲಿ ಇನ್ನಷ್ಟು ಗಂಭೀರ.

ಹಿನ್ನೆಲೆ

ಕನ್ನಡ ನಾಡಿನಲ್ಲಿ ಕುದುರೆಯ ಶಾಸ್ತ್ರ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಕುದುರೆಗಳ ವಿಚಾರ ವಿಸ್ತಾರವಾಗಿದೆ; ಅಭಿನವಚಂದ್ರನೆಂಬ ಜೈನ ಕವಿ ಕನ್ನಡದಲ್ಲೇ ಅಶ್ವಶಾಸ್ತ್ರ ಬರೆದಿದ್ದಾನೆ. ಆದರೆ ಕುದುರೆಯನ್ನು ಕೊಂಡು ತರುವುದು ರೂಢಿಯಾಗಿದ್ದಷ್ಟು ಇಲ್ಲೇ ಹುಟ್ಟಿಸಿ ಬೆಳೆಸುವುದು ರೂಢಿಯಾಗಿರಲಿಲ್ಲ. ವಿಜಯನಗರದ ಸೈನ್ಯಕ್ಕೆ ಕುದುರೆಗಳು ಅರಬ್ ನಾಡಿನಿಂದ ಹಡಗಿನಲ್ಲಿ ಬಂದು ಭಟ್ಕಳದಂಥ ಬಂದರುಗಳಲ್ಲಿ ಇಳಿಯುತ್ತಿದ್ದವು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹಾದಿಯಲ್ಲಿ, ಸುಮಾರು 70 ಕಿ.ಮೀ. ದೂರದ ಕುಣಿಗಲ್‌ನಲ್ಲಿ 18ನೇ ಶತಮಾನದ ಕೊನೆಯಲ್ಲಿ, ಟಿಪ್ಪು ಸುಲ್ತಾನನ ಕಾಲದಲ್ಲಿ, ಅಶ್ವದಳಕ್ಕೆಂದು ಕುದುರೆ ಸಾಕಣೆ ಆರಂಭವಾಯಿತು. ಮುಂದೆ ಮೈಸೂರು ಸಂಸ್ಥಾನದ ಕೈಯಲ್ಲಿದ್ದು, ಸ್ವಾತಂತ್ರ್ಯಾನಂತರ ರಾಜ್ಯ ಸರ್ಕಾರಕ್ಕೆ ಸೇರಿದ ಈ ಫಾರಂ 1990ರ ದಶಕದಲ್ಲಿ ಖಾಸಗಿ ಸಂಸ್ಥೆಗೆ ಗುತ್ತಿಗೆಯಾಗಿ, ಓಟದ ಕುದುರೆಗಳ ತವರೆನಿಸಿತು. 400ಕ್ಕೂ ಹೆಚ್ಚು ಎಕರೆಯ ಇದರ ಬಯಲುಗಳಲ್ಲಿ ಬೆಳೆದ ಮರಿಗಳು ಬೆಂಗಳೂರು, ಮೈಸೂರು, ಮುಂಬಯಿಯ ರೇಸ್‌ಕೋರ್ಸ್‌ಗಳಲ್ಲಿ ಓಡಿವೆ.

ನಗರದ ಕುದುರೆಯ ಕಥೆ ಬೇರೆ. 1892ರ ಚಾಮರಾಜಪೇಟೆ, ಪ್ಲೇಗಿನ ವರ್ಷ 1898ರಲ್ಲಿ ರೂಪುಗೊಂಡ ಬಸವನಗುಡಿ ಮತ್ತು ಮಲ್ಲೇಶ್ವರ, ಈ ಮೂರು ಬಡಾವಣೆಗಳೂ ಜಟಕಾ ಬಂಡಿಯ ಕಾಲದವು. ರೈಲು ನಿಲ್ದಾಣಕ್ಕೆ, ಮಾರುಕಟ್ಟೆಗೆ, ಕಚೇರಿಗೆ ಹೋಗುವವರನ್ನು ಹೊತ್ತವು ಜಟಕಾ ಕುದುರೆಗಳು. ಅವುಗಳ ಮೇವು ನೆನೆಸಿದ ಅಥವಾ ಬೇಯಿಸಿದ ಹುರುಳಿ, ಬೂಸ ಮತ್ತು ಒಣಹುಲ್ಲು. ಚಾಮರಾಜಪೇಟೆಗೆ ತಾಗಿದ ತರಗುಪೇಟೆಯ ಮಂಡಿಗಳು ಕಾಳುಕಡ್ಡಿಗೆ ಇಂದಿಗೂ ಹೆಸರಾದವು. ಬಲಿತು ದುಡಿಯುವ ಕುದುರೆಗೆ ಈ ಮೇವು ಹೇಗೋ ಸಾಗುತ್ತಿತ್ತು. ಬಸ್ಸು, ಆಟೋರಿಕ್ಷಾಗಳು ಬಂದು ಜಟಕಾ ಮರೆಯಾದರೂ ಮೇವಿನ ಆ ರೂಢಿ ಉಳಿದಿದೆ. ಮದುವೆ ಮೆರವಣಿಗೆಯ ಕುದುರೆ, ಮಕ್ಕಳನ್ನು ಕೂರಿಸಿ ಸುತ್ತಿಸುವ ತಟ್ಟು ಮರಿ ಹಾಕಿದಾಗ ತಾಯಿಯ ತೊಟ್ಟಿಗೆ ಬೀಳುವುದೇ ಮರಿಯ ಬಾಯಿಗೂ ಬೀಳುತ್ತದೆ. ಸ್ಟಡ್ ಫಾರಂಗಳ ಕ್ರಮವನ್ನೆಲ್ಲ ಒಂದು ತಟ್ಟು ಸಾಕಿದವನಿಂದ ನಿರೀಕ್ಷಿಸಲಾಗದು. ಆದರೆ ಅದರ ತಿರುಳನ್ನು ಕಡಿಮೆ ಖರ್ಚಿನಲ್ಲಿ ಅನುಸರಿಸಲು ಅಡ್ಡಿಯಿಲ್ಲ.

ಗಬ್ಬದ ಕಾಲ

ಹೆಣ್ಣು ಕುದುರೆ ಸುಮಾರು 340 ದಿನ ಗಬ್ಬವಿರುತ್ತದೆ. ಗರ್ಭದ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಕೊನೆಯ ಮೂರು ತಿಂಗಳಲ್ಲಿ ಕೂಡುತ್ತದೆ. ಎಲುಬಿಗೆ ಬೇಕಾದ ಕ್ಯಾಲ್ಸಿಯಂ, ರಂಜಕಗಳು ಆಗಲೇ ಹೇರಳವಾಗಿ ಮರಿಗೆ ಸಾಗುತ್ತವೆ. ತಾಮ್ರದ ವಿಷಯದಲ್ಲಂತೂ ಈ ಅವಧಿಗೆ ಬದಲಿಯೇ ಇಲ್ಲ: ಕುದುರೆಯ ಹಾಲಿನಲ್ಲಿ ತಾಮ್ರ ತೀರ ಕಡಿಮೆ, ಮರಿ ಹಾಲುಗೂಸಾಗಿರುವಷ್ಟು ಕಾಲ ಗರ್ಭದಲ್ಲಿದ್ದಾಗ ಯಕೃತ್ತಿನಲ್ಲಿ ಕೂಡಿಟ್ಟುಕೊಂಡ ತಾಮ್ರದಿಂದಲೇ ಬದುಕು ಸಾಗಿಸುತ್ತದೆ. ಗಬ್ಬದ ಕೊನೆಯಲ್ಲಿ ತಾಯಿಗೆ ಖನಿಜ ಮಿಶ್ರಣ ಕೊಡದೆ, ಹುಟ್ಟಿದ ಮೇಲೆ ಮರಿಗೆ ಕೊಡುತ್ತೇವೆಂದರೆ ತಡವಾಗುತ್ತದೆ. ಹಾಗೆಂದು ತಾಯಿಯನ್ನು ಕೊಬ್ಬಿಸುವುದರಿಂದ ಮರಿ ದೊಡ್ಡದಾಗುವುದಿಲ್ಲ. ಪಕ್ಕೆಲುಬು ಕಣ್ಣಿಗೆ ಕಾಣದೆ, ಕೈಯಾಡಿಸಿದರೆ ಸಿಗುವಷ್ಟು ಮೈ ಇದ್ದರೆ ಸಾಕು.

ಮರಿ ಹಾಕುವ ಜಾಗಕ್ಕೆ ತಾಯಿಯನ್ನು ನಾಲ್ಕರಿಂದ ಆರು ವಾರ ಮೊದಲೇ ತಂದು ಕಟ್ಟುವುದು ವಾಡಿಕೆ. ಆ ಲಾಯದ ಸೋಂಕುಗಳಿಗೆ ತಾಯಿಯ ಮೈ ರೋಗನಿರೋಧಕಗಳನ್ನು ತಯಾರಿಸಿ ಕೆಚ್ಚಲಿಗೆ ಇಳಿಸಲು ಅಷ್ಟು ಕಾಲ ಬೇಕು. ಧನುರ್ವಾಯು ಮುಂತಾದವುಗಳ ಲಸಿಕೆಯನ್ನೂ ಇದೇ ಅವಧಿಗೆ ಹೊಂದಿಸುತ್ತಾರೆ.

ಗಿಣ್ಣು ಹಾಲು

ಮನುಷ್ಯರಲ್ಲಿ ತಾಯಿಯ ರಕ್ತದ ರೋಗನಿರೋಧಕಗಳು ಮಾಸಿನ ಮೂಲಕ ಮಗುವಿಗೆ ಸಾಗುತ್ತವೆ. ಕುದುರೆಯ ಮಾಸು ದಪ್ಪ ಪದರಗಳದು. ಅದನ್ನು ದಾಟಿ ಅವು ಮರಿಯನ್ನು ಸೇರುವುದಿಲ್ಲ. ಆದ್ದರಿಂದ ಕುದುರೆ ಮರಿ ರಕ್ಷಣೆಯೇ ಇಲ್ಲದೆ ಹುಟ್ಟುತ್ತದೆ. ಆ ರಕ್ಷಣೆ ಸಿಗುವುದು ಗಿಣ್ಣು ಹಾಲಿನಿಂದ ಮಾತ್ರ, ಅದೂ ಕೆಲವೇ ಗಂಟೆಗಳ ಕಾಲ. ಮರಿಯ ಕರುಳು ಈ ದೊಡ್ಡ ಪ್ರೋಟೀನ್ ಕಣಗಳನ್ನು ಇಡಿಯಾಗಿ ಹೀರಿಕೊಳ್ಳುವ ಶಕ್ತಿಯನ್ನು ಮೊದಲ ಆರೆಂಟು ಗಂಟೆಗಳಲ್ಲಿ ಚೆನ್ನಾಗಿ ಹೊಂದಿರುತ್ತದೆ, ಆಮೇಲೆ ಅದು ಇಳಿಯುತ್ತ ಒಂದು ದಿನ ಕಳೆಯುವುದರೊಳಗೆ ಮುಗಿದೇ ಹೋಗುತ್ತದೆ. ಎರಡನೆಯ ದಿನ ಎಷ್ಟು ಗಿಣ್ಣು ಕುಡಿಸಿದರೂ ಅದು ಹಾಲಾಗಿ ದಕ್ಕುತ್ತದೆಯೇ ಹೊರತು ರಕ್ತಕ್ಕೆ ರಕ್ಷಣೆಯಾಗಿ ಸೇರುವುದಿಲ್ಲ.

ಆರೋಗ್ಯವಂತ ಮರಿ ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಮೊಲೆ ಹಿಡಿಯಬೇಕು, ಮೂರು ಗಂಟೆಯೊಳಗೆ ತಾಯಿಗೆ ಮಾಸು ಬೀಳಬೇಕು. ಲಾಯಗಳಲ್ಲಿ ಕುದುರೆ ನೋಡಿಕೊಳ್ಳುವವರು ಇದನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. 50 ಕೆ.ಜಿ. ಮರಿಗೆ ಮೊದಲ ಹಲವು ಗಂಟೆಗಳಲ್ಲಿ ಒಂದರಿಂದ ಎರಡು ಲೀಟರ್ ಗಿಣ್ಣು ಹಾಲು ಬೇಕು. ಮರಿ ಹಾಕುವ ಮುನ್ನವೇ ಕೆಚ್ಚಲಿನಿಂದ ಹಾಲು ತೊಟ್ಟಿಕ್ಕಿ ಹೋಗಿದ್ದರೆ, ತಾಯಿ ಸತ್ತರೆ, ಅಥವಾ ಚೊಚ್ಚಲ ತಾಯಿ ಒದ್ದು ಓಡಿಸಿದರೆ ಬೇರೆ ಕುದುರೆಯ ಗಿಣ್ಣು ಹುಡುಕಬೇಕಾಗುತ್ತದೆ. ದೊಡ್ಡ ಫಾರಂಗಳು ಹೆಚ್ಚು ಹಾಲಿರುವ ತಾಯಿಯಿಂದ, ಅದರ ಮರಿ ಕುಡಿದ ಮೇಲೆ, ಸ್ವಲ್ಪ ಕರೆದು ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಶೀತದಲ್ಲಿ ಕಾದಿಡುತ್ತವೆ. ಹೀಗಿಟ್ಟದ್ದು ವರ್ಷದವರೆಗೆ ಬಾಳುತ್ತದೆ. ಕರಗಿಸುವುದು ಉಗುರುಬೆಚ್ಚಗಿನ ನೀರಿನಲ್ಲಿಟ್ಟು. ಒಲೆಯ ಮೇಲೆ ಕಾಯಿಸಿದರೆ ರೋಗನಿರೋಧಕಗಳು ಹಾಳಾಗಿ ಗಿಣ್ಣಿನ ಉದ್ದೇಶವೇ ಕೆಡುತ್ತದೆ. ಮರಿ ಹುಟ್ಟಿದ 18ರಿಂದ 24 ಗಂಟೆಯೊಳಗೆ ಪಶುವೈದ್ಯರು ರಕ್ತ ತೆಗೆದು ಪರೀಕ್ಷಿಸುತ್ತಾರೆ. ಒಂದು ಡೆಸಿಲೀಟರ್ ರಕ್ತದಲ್ಲಿ ಐಜಿಜಿ ಎಂಬ ರೋಗನಿರೋಧಕ 800 ಮಿ.ಗ್ರಾಂ. ದಾಟಿದ್ದರೆ ನಿಶ್ಚಿಂತೆ, 400ಕ್ಕಿಂತ ಕೆಳಗಿದ್ದರೆ ರಕ್ತದ ಪ್ಲಾಸ್ಮಾ ಕೊಡಬೇಕಾಗುತ್ತದೆ.

ಕೆಲವೊಮ್ಮೆ ಗಿಣ್ಣೇ ಮುಳುವಾಗುವುದುಂಟು. ತಂದೆಯಿಂದ ಬಂದ ರಕ್ತದ ಗುಂಪು ತಾಯಿಗೆ ಹೊಂದದೆ, ಹಿಂದಿನ ಗರ್ಭಗಳಿಂದ ತಾಯಿಯಲ್ಲಿ ಅದರ ವಿರುದ್ಧ ನಿರೋಧಕಗಳು ಹುಟ್ಟಿದ್ದರೆ, ಗಿಣ್ಣು ಕುಡಿದ ಮರಿಯ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಬರುತ್ತದೆ. ಇಂಥ ಚರಿತ್ರೆಯಿರುವ ತಾಯಿಯ ಮರಿಗೆ ಒಂದೆರಡು ದಿನ ಬಾಯಿಗೆ ಕುಕ್ಕೆ ಕಟ್ಟಿ, ಬೇರೆ ತಾಯಿಯ ಗಿಣ್ಣು ಕುಡಿಸಿ, ಆಮೇಲೆ ತನ್ನ ತಾಯಿಗೆ ಬಿಡುತ್ತಾರೆ. ಹೇಸರಗತ್ತೆ ಮರಿಗಳಲ್ಲಿ ಈ ತೊಂದರೆ ಹೆಚ್ಚು.

ಹಾಲಿನ ತಿಂಗಳುಗಳು

ಮೊದಲ ವಾರದ ಮರಿ ಗಂಟೆಗೆ ಐದಾರು ಬಾರಿ ಮೊಲೆ ಹಿಡಿಯುತ್ತದೆ, ಪ್ರತಿ ಬಾರಿಯೂ ಒಂದೆರಡು ನಿಮಿಷ. ದಿನಕ್ಕೆ ತನ್ನ ತೂಕದ ಐದನೆಯ ಒಂದು ಭಾಗಕ್ಕೂ ಹೆಚ್ಚು ಹಾಲು ಅದರ ಹೊಟ್ಟೆ ಸೇರುತ್ತದೆ. 500 ಕೆ.ಜಿ.ಯ ತಾಯಿ ಮೊದಲ ತಿಂಗಳುಗಳಲ್ಲಿ ದಿನಕ್ಕೆ 15 ಲೀಟರಿನಷ್ಟು ಹಾಲು ಕೊಡುತ್ತದೆ. ಕುದುರೆಯ ಹಾಲು ನೀರಾಗಿ, ಸಿಹಿಯಾಗಿ ಇರುತ್ತದೆ: ಕೊಬ್ಬು ಶೇ. 1ರಿಂದ 2, ಪ್ರೋಟೀನ್ ಶೇ. 2ಕ್ಕಿಂತ ಸ್ವಲ್ಪ ಹೆಚ್ಚು, ಹಾಲಿನ ಸಕ್ಕರೆ ಶೇ. 6ರ ಮೇಲೆ. ಇದರ ಮೇಲೆ ಮರಿ ದಿನಕ್ಕೆ ಒಂದು ಕೆ.ಜಿ.ಗೂ ಹೆಚ್ಚು ಬೆಳೆಯುತ್ತದೆ.

ಹಾಗಾಗಿ ಮೊದಲ ಎರಡು ತಿಂಗಳು ಮರಿಯ ಮೇವೆಂದರೆ ತಾಯಿಯ ಮೇವು. ಹಾಲೂಡುವ ತಿಂಗಳಲ್ಲಿ ತಾಯಿಗೆ ಬೇಕಾದ ಶಕ್ತಿ ಬರಿಗುದುರೆಗೆ ಬೇಕಾದ್ದಕ್ಕಿಂತ ಸುಮಾರು ಎರಡು ಪಟ್ಟು. ಪ್ರೋಟೀನ್ ದಿನಕ್ಕೆ 630 ಗ್ರಾಂನಿಂದ ಒಂದೂವರೆ ಕೆ.ಜಿ.ಗೆ, ಕ್ಯಾಲ್ಸಿಯಂ 20 ಗ್ರಾಂನಿಂದ 59 ಗ್ರಾಂಗೆ ಏರುತ್ತದೆ. ಇಷ್ಟನ್ನು ಒದಗಿಸದಿದ್ದರೂ ತಾಯಿ ಕೆಲಕಾಲ ಹಾಲಿಳಿಸುತ್ತದೆ, ತನ್ನ ಎಲುಬನ್ನೇ ಕರಗಿಸಿ. ಮೆರವಣಿಗೆಯ ದುಡಿಮೆಗೆ ಮರಿಯ ತಾಯಿಯನ್ನು ಬೇಗ ಹೂಡುವುದು ತಪ್ಪೆನ್ನಲು ಇದೂ ಒಂದು ಕಾರಣ. ತಾಯಿ ಗಂಟೆಗಟ್ಟಲೆ ದೂರವಿದ್ದರೆ, ಗಂಟೆಗೆ ಹಲವು ಬಾರಿ ಕುಡಿಯಬೇಕಾದ ಮರಿ ಹಸಿದು, ಆಮೇಲೆ ಒಮ್ಮೆಗೇ ಕುಡಿದು ಹೊಟ್ಟೆ ಕೆಡಿಸಿಕೊಳ್ಳುತ್ತದೆ.

ಈ ಅವಧಿಯಲ್ಲಿ ಹೊಸಬರನ್ನು ಗಾಬರಿಗೊಳಿಸುವ ಎರಡು ಸಂಗತಿಗಳಿವೆ. ಒಂದು, ಮರಿ ತಾಯಿಯ ಲದ್ದಿ ತಿನ್ನುವುದು. ಇದು ಸಹಜ, ಉಪಯುಕ್ತವೂ ಹೌದು. ಹುಲ್ಲನ್ನು ಕೊಳೆಸಿ ಜೀರ್ಣಿಸುವ ಸೂಕ್ಷ್ಮಾಣುಗಳು ಮರಿಯ ದೊಡ್ಡ ಕರುಳಿಗೆ ಹೀಗೇ ಬಂದು ನೆಲೆಸುತ್ತವೆ. ಎರಡನೆಯದು, ಎರಡನೆಯ ವಾರದ ಭೇದಿ. ತಾಯಿ ಮತ್ತೆ ಬೆದೆಗೆ ಬರುವ ದಿನಗಳಲ್ಲೇ ಇದು ಕಾಣುವುದರಿಂದ ಬೆದೆಯ ಹಾಲು ಕುಡಿದು ಬಂದದ್ದೆಂದು ಹೇಳುತ್ತಾರೆ. ವಾಸ್ತವವಾಗಿ ಕರುಳಿನಲ್ಲಿ ಆಗುತ್ತಿರುವ ಬದಲಾವಣೆ ಅದಕ್ಕೆ ಕಾರಣವೆನ್ನಲಾಗಿದೆ, ತಬ್ಬಲಿ ಮರಿಗಳಲ್ಲೂ ಅದು ಬರುತ್ತದೆ. ಮರಿ ಚುರುಕಾಗಿ, ಜ್ವರವಿಲ್ಲದೆ, ಹಾಲು ಕುಡಿಯುತ್ತಿದ್ದರೆ ತಾನೇ ನಿಲ್ಲುತ್ತದೆ. ಮಂಕಾದರೆ ಮಾತ್ರ ಆ ದಿನವೇ ವೈದ್ಯರಿಗೆ ತೋರಿಸಬೇಕು.

ತಬ್ಬಲಿ ಮರಿ

ತಾಯಿ ಸತ್ತ ಮರಿಗೆ ಹಾಲೂಡುವ ಇನ್ನೊಂದು ಕುದುರೆ ಸಿಕ್ಕರೆ ಅದಕ್ಕಿಂತ ಮೇಲಾದ ಉಪಾಯವಿಲ್ಲ. ಅದಾಗದಿದ್ದರೆ ಕುದುರೆ ಮರಿಗೆಂದೇ ತಯಾರಾದ ಹಾಲಿನ ಪುಡಿ. ಅದೂ ಸಿಗದಾಗ ಮೇಕೆ ಹಾಲು ಚೆನ್ನಾಗಿಯೇ ಹೊಂದುತ್ತದೆ. ಹಸುವಿನ ಹಾಲಿನಲ್ಲಿ ಕೊಬ್ಬು ಹೆಚ್ಚು, ಸಕ್ಕರೆ ಕಡಿಮೆ, ಕೊಬ್ಬು ಶೇ. 2ರ ಸುಮಾರಿನಲ್ಲಿರುವ ಹಾಲಿನ ಪ್ರತಿ ಲೀಟರಿಗೆ 20 ಗ್ರಾಂ ಗ್ಲೂಕೋಸ್ ಪುಡಿ ಬೆರೆಸಿ ಕೊಡುವುದು ಹಳೆಯ ಕ್ರಮ. ಬೆಂಗಳೂರಿನ ಅಂಗಡಿಗಳಲ್ಲಿ ಸಿಗುವ ನಂದಿನಿ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3 ಇರುವುದರಿಂದ ಅದನ್ನು ಸ್ವಲ್ಪ ನೀರು ಬೆರೆಸಿಯೇ ಬಳಸಬೇಕು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮನೆಯಲ್ಲಿರುವ ಸಕ್ಕರೆಯನ್ನಾಗಲಿ ಬೆಲ್ಲವನ್ನಾಗಲಿ ಗ್ಲೂಕೋಸಿಗೆ ಬದಲಾಗಿ ಹಾಕಕೂಡದು. ಎಳೆಯ ಮರಿಯ ಕರುಳಿನಲ್ಲಿ ಕಬ್ಬಿನ ಸಕ್ಕರೆಯನ್ನು ಒಡೆಯುವ ಕಿಣ್ವ ಸಾಲದು, ಭೇದಿ ಹತ್ತುತ್ತದೆ.

ಮೊದಲ ದಿನಗಳಲ್ಲಿ ಒಂದು-ಎರಡು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ, ಸ್ವಲ್ಪಸ್ವಲ್ಪ ಕುಡಿಸಬೇಕು. ಬಾಟಲಿಯಲ್ಲಿ ಕುಡಿಸುವಾಗ ಮರಿ ನಿಂತಿರಬೇಕು, ತಲೆ ಅದು ತಾಯಿಯ ಕೆಚ್ಚಲಿಗೆ ಚಾಚುವ ಮಟ್ಟದಲ್ಲೇ ಇರಬೇಕು. ಮಲಗಿದ ಮರಿಯ ಬಾಯಿಗೆ ಕತ್ತೆತ್ತಿ ಸುರಿದ ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುತ್ತದೆ. ಕೆಲವೇ ದಿನಗಳಲ್ಲಿ ಅಗಲ ಬಕೆಟ್ಟಿನಿಂದ ಕುಡಿಯುವುದನ್ನು ಕಲಿಸಿಬಿಟ್ಟರೆ ಆಳಿನ ಶ್ರಮವೂ ಉಳಿಯುತ್ತದೆ, ಮರಿ ಮನುಷ್ಯರಿಗೆ ಅತಿಯಾಗಿ ಅಂಟಿಕೊಳ್ಳುವುದೂ ತಪ್ಪುತ್ತದೆ. ಮನುಷ್ಯರ ನಡುವೆ ಮುದ್ದಾಗಿ ಬೆಳೆದ ತಬ್ಬಲಿ ಮರಿ ದೊಡ್ಡದಾದ ಮೇಲೆ ಒದೆಯುವುದಕ್ಕೂ ಕಚ್ಚುವುದಕ್ಕೂ ಹಿಂಜರಿಯುವುದಿಲ್ಲ. ಶಾಂತವಾದ ಒಂದು ಮುದಿ ಕುದುರೆಯ ಜೊತೆ ಅದನ್ನು ಬಿಡುವುದು ಒಳ್ಳೆಯದು.

ಕಾಳು ಮತ್ತು ಹುಲ್ಲು

ಮುಂದಿನ ಹಲ್ಲುಗಳು ಮೊದಲ ವಾರದಲ್ಲೇ ಮೂಡುತ್ತವೆ. ಮರಿ ಆಗಿನಿಂದಲೇ ತಾಯಿಯ ತೊಟ್ಟಿಯಲ್ಲಿ ಮೂತಿಯಾಡಿಸುತ್ತದೆ. ಎರಡನೆಯ ತಿಂಗಳು ಕಳೆದ ಮೇಲೆ ತಾಯಿಯ ಹಾಲು ಮರಿಯ ಬೆಳವಣಿಗೆಗೆ ಸಾಲದಾಗುತ್ತ ಬರುತ್ತದೆ. ಆಗ ಮರಿ ಮಾತ್ರ ನುಸುಳುವಂಥ ಕಿರಿದಾದ ಕಟಕಟೆ ಮಾಡಿ ಅದರೊಳಗೆ ಪ್ರತ್ಯೇಕ ಕಾಳು ಇಡುತ್ತಾರೆ. ಮರಿಯ ತೂಕದ ಪ್ರತಿ 100 ಕೆ.ಜಿ.ಗೆ ದಿನಕ್ಕೆ ಅರ್ಧದಿಂದ ಒಂದು ಕೆ.ಜಿ. ಮೀರದಂತೆ, ಶೇ. 16ರ ಆಸುಪಾಸಿನ ಪ್ರೋಟೀನ್ ಇರುವ ಮಿಶ್ರಣ ಇದಕ್ಕೆ ತಕ್ಕದ್ದು. ಪ್ರೋಟೀನ್ ಎಷ್ಟೆನ್ನುವಷ್ಟೇ ಮುಖ್ಯ ಅದರಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಎಷ್ಟೆನ್ನುವುದು. ಓಟ್ಸ್, ಜವೆಗೋಧಿ, ಮುಸುಕಿನ ಜೋಳಗಳಲ್ಲಿ ಅದು ಕೊರತೆ. ಹುರುಳಿ, ಕಡಲೆ, ಸೋಯಾಗಳಲ್ಲಿ ಧಾರಾಳ.

ಈ ದೃಷ್ಟಿಯಿಂದ ಹಳೆಯ ಬೆಂಗಳೂರಿನ ಹುರುಳಿಯನ್ನು ತಳ್ಳಿಹಾಕಲಾಗದು. ಅದರಲ್ಲಿ ಶೇ. 22ರಷ್ಟು ಪ್ರೋಟೀನ್ ಇದೆ. ಕ್ಯಾಲ್ಸಿಯಂ ಮತ್ತು ರಂಜಕ ಸರಿಸುಮಾರು ಸಮನಾಗಿವೆ. ಹಸಿ ಹುರುಳಿಯಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವೊಂದಿದ್ದು ನೆನೆಸಿ ಬೇಯಿಸಿದಾಗ ಅದು ಬಹುಮಟ್ಟಿಗೆ ಹೋಗುತ್ತದೆ. ಬೇಯಿಸಿ ಹಾಕುವ ಪದ್ಧತಿಯನ್ನು ರೂಢಿಸಿದವರಿಗೆ ಕಾರಣ ಗೊತ್ತಿರಲಿಲ್ಲವಾದರೂ ಪದ್ಧತಿ ಸರಿಯಾಗಿಯೇ ಇತ್ತು. ಬೇಯಿಸಿದ್ದನ್ನು ಬೇಸಗೆಯಲ್ಲಿ ರಾತ್ರಿಯವರೆಗೆ ಉಳಿಸಿದರೆ ಹುಳಿತು ಹೊಟ್ಟೆಶೂಲೆಗೆ ದಾರಿಯಾಗುತ್ತದೆ. ಹುರುಳಿ ಓಟ್ಸಿಗೆ ಪೂರಕವಾಗಿ ಅರ್ಧ ಕೆ.ಜಿ.ಯಷ್ಟು ಸೇರಬೇಕೇ ಹೊರತು ಅದೊಂದೇ ಮೇವಾಗಬಾರದು.

ಬೂಸದ ವಿಷಯ ಹಾಗಲ್ಲ. ಒಂದು ಕೆ.ಜಿ. ಗೋಧಿ ಬೂಸದಲ್ಲಿ ಕ್ಯಾಲ್ಸಿಯಂ ಒಂದು ಗ್ರಾಂ ಚಿಲ್ಲರೆ, ರಂಜಕ 11 ಗ್ರಾಂನಷ್ಟು. ಅಕ್ಕಿ ತೌಡಿನಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಬೆಳೆಯುವ ಮರಿಗೆ ಬೇಕಾದ್ದು ಇದರ ತಿರುವುಮುರುವು: ಒಂದು ಪಾಲು ರಂಜಕಕ್ಕೆ ಒಂದೂವರೆಯಿಂದ ಎರಡು ಪಾಲು ಕ್ಯಾಲ್ಸಿಯಂ. ರಂಜಕ ಮೇಲುಗೈ ಪಡೆದಾಗ ರಕ್ತದಲ್ಲಿ ಕ್ಯಾಲ್ಸಿಯಂ ಕುಗ್ಗಿ, ಪ್ಯಾರಾಥೈರಾಯ್ಡ್ ಗ್ರಂಥಿ ಕೆರಳಿ, ಎಲುಬಿನಿಂದ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಸೇರಿಸುತ್ತದೆ. ಎಲುಬು ಕರಗಿದ ಜಾಗದಲ್ಲಿ ನಾರು ತುಂಬುತ್ತದೆ. ಕಾಲಿನಿಂದ ಕಾಲಿಗೆ ಬದಲಾಗುವ ಕುಂಟು ಮೊದಲು ಬರುತ್ತದೆ, ಆಮೇಲೆ ಮುಖದ ಎಲುಬು ಊದಿಕೊಂಡು ತಲೆ ದಪ್ಪವಾಗಿ ಕಾಣುತ್ತದೆ. ಹಿಟ್ಟಿನ ಗಿರಣಿಗಳ ಕುದುರೆಗಳಲ್ಲಿ ಹೆಚ್ಚಾಗಿ ಕಂಡಿದ್ದರಿಂದ ಯುರೋಪಿನಲ್ಲಿ ಇದನ್ನು ಗಿರಣಿಯವರ ರೋಗವೆನ್ನುತ್ತಿದ್ದರು. ಎಳೆಯ ಮರಿಗಳೂ ಹಾಲೂಡುವ ತಾಯಂದಿರೂ ಇದಕ್ಕೆ ಬೇಗ ಬಲಿಯಾಗುತ್ತಾರೆ. ಪರಿಹಾರ ದುಬಾರಿಯೇನಲ್ಲ. ಮೇವಿಗೆ ಬಳಸುವ ಸುಣ್ಣಕಲ್ಲಿನ ಪುಡಿ 30 ಗ್ರಾಂ ಹಾಕಿದರೆ 11 ಗ್ರಾಂನಷ್ಟು ಕ್ಯಾಲ್ಸಿಯಂ ಸೇರುತ್ತದೆ. ಎಲೆ ಅಡಿಕೆಯ ಸುಣ್ಣ ಇದಕ್ಕೆ ಬದಲಿಯಲ್ಲ, ಅದು ಬಾಯಿ ಸುಡುತ್ತದೆ.

ಹುಲ್ಲಿನಲ್ಲೂ ಇದೇ ಬಗೆಯ ಬಲೆ ಇದೆ, ಕಣ್ಣಿಗೆ ಕಾಣದಂತೆ. ಆನೆಹುಲ್ಲೆಂದು ಕರೆಯುವ ನೇಪಿಯರ್, ಗಿನಿ ಹುಲ್ಲು, ಸಿಟೇರಿಯಾ ಮೊದಲಾದ ಉಷ್ಣವಲಯದ ಹುಲ್ಲುಗಳಲ್ಲಿ ಆಕ್ಸಲೇಟ್ ಹೆಚ್ಚು. ಅದು ಕ್ಯಾಲ್ಸಿಯಂ ಜೊತೆ ಕೂಡಿ ಕರಗದ ಹರಳಾಗುತ್ತದೆ. ಹಸು, ಎಮ್ಮೆಗಳ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಾಣುಗಳು ಆಕ್ಸಲೇಟನ್ನು ಒಡೆದುಬಿಡುತ್ತವೆ. ಕುದುರೆಗೆ ಅಂಥ ಹೊಟ್ಟೆಯಿಲ್ಲ. ಅದರ ಸೂಕ್ಷ್ಮಾಣುಗಳಿರುವುದು ದೊಡ್ಡ ಕರುಳಿನಲ್ಲಿ, ಕ್ಯಾಲ್ಸಿಯಂ ಹೀರಿಕೊಳ್ಳುವ ಜಾಗ ದಾಟಿದ ಮೇಲೆ. ಹಸುವಿಗೆ ಒಳ್ಳೆಯ ಹಸಿರು ಕುದುರೆಗೂ ಒಳ್ಳೆಯದೆಂಬ ನಂಬಿಕೆ ಹಾಲಿನ ಡೈರಿಗಳು ತುಂಬಿದ ಬೆಂಗಳೂರು ಗ್ರಾಮಾಂತರದಲ್ಲಿ ಬಲವಾಗಿದೆ. ಮರಿಗಳ ಮಟ್ಟಿಗೆ ಅದು ಹಾನಿಕರ. ಇಲ್ಲಿನ ಕೆಂಪು ಮಣ್ಣು ಸಾಮಾನ್ಯವಾಗಿ ಹುಳಿಯ ಗುಣದ್ದು, ಕ್ಯಾಲ್ಸಿಯಂ ಕಡಿಮೆ ಇರುವುದು. ಸತುವಿನ ಕೊರತೆಯೂ ಕರ್ನಾಟಕದ ಹೊಲಗಳಲ್ಲಿ ವ್ಯಾಪಕ. ಇಂಥ ಮಣ್ಣಿನಲ್ಲಿ ಬೆಳೆದ ಹುಲ್ಲನ್ನು ನಂಬಿ ಖನಿಜ ಮಿಶ್ರಣವನ್ನು ಬಿಡಲಾಗದು.

ಸುರಕ್ಷಿತವಾದ ಹುಲ್ಲುಗಳೂ ಇಲ್ಲಿಯೇ ಸಿಗುತ್ತವೆ. ಬಯಲಿನಲ್ಲಿ ಹಬ್ಬುವ ಗರಿಕೆ ಕುದುರೆಗೆ ಪ್ರಿಯ, ಆಕ್ಸಲೇಟ್ ಅದರಲ್ಲಿ ಕಡಿಮೆ. ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಮರಿಗಳ ಮೇವಿನಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಒಣಗಿಸಿದ ಒಂದು ಕೆ.ಜಿ. ಸೊಪ್ಪಿನಲ್ಲಿ 13 ಗ್ರಾಂನಷ್ಟು ಕ್ಯಾಲ್ಸಿಯಂ, 2.5 ಗ್ರಾಂನಷ್ಟು ರಂಜಕ, ಶೇ. 18ರ ಆಸುಪಾಸಿನ ಪ್ರೋಟೀನ್ ಇರುತ್ತದೆ. ಬೂಸದ ಕೊರತೆಯನ್ನು ಇದೊಂದೇ ಬಹುಪಾಲು ತುಂಬಬಲ್ಲದು. ರಾಗಿ ಹುಲ್ಲು ಭತ್ತದ ಹುಲ್ಲಿಗಿಂತ ಎಷ್ಟೋ ಮೇಲು, ಆದರೆ ಎಳೆಯ ಮರಿಗೆ ಅದು ಜಗಿಯಲು ಮಾತ್ರ. ಬೆಳವಣಿಗೆಗೆ ಬೇಕಾದ ಸತ್ವ ಅದರಲ್ಲಿಲ್ಲ.

ಆರು ತಿಂಗಳ, 215 ಕೆ.ಜಿ. ತೂಕದ ಮರಿಗೆ ದಿನಕ್ಕೆ ಸುಮಾರು 680 ಗ್ರಾಂ ಪ್ರೋಟೀನ್, 39 ಗ್ರಾಂ ಕ್ಯಾಲ್ಸಿಯಂ, 21 ಗ್ರಾಂ ರಂಜಕ ಬೇಕೆಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2007ರಲ್ಲಿ ಲೆಕ್ಕ ಹಾಕಿದೆ. ಕುದುರೆ ಮಸಾಲೆ ಒಣಸೊಪ್ಪು ಒಂದೂವರೆ ಕೆ.ಜಿ., ಗರಿಕೆಯಂಥ ಒಣಹುಲ್ಲು ಒಂದೂವರೆ ಕೆ.ಜಿ., ಓಟ್ಸ್ 2 ಕೆ.ಜಿ., ಬೇಯಿಸಿದ ಹುರುಳಿ ಅರ್ಧ ಕೆ.ಜಿ. (ಬೇಯಿಸುವ ಮುಂಚಿನ ತೂಕ), ಬೂಸ ಅರ್ಧ ಕೆ.ಜಿ., ಸುಣ್ಣಕಲ್ಲಿನ ಪುಡಿ 30 ಗ್ರಾಂ ಸೇರಿದರೆ ಈ ಅಳತೆ ಹೆಚ್ಚುಕಡಿಮೆ ತುಂಬುತ್ತದೆ. ತಾಮ್ರ, ಸತುಗಳಿಗೆ ಕುದುರೆಯ ಖನಿಜ ಮಿಶ್ರಣವನ್ನೂ, ನೆಕ್ಕಲು ಉಪ್ಪಿನ ಗಡ್ಡೆಯನ್ನೂ, ಸದಾ ಶುದ್ಧ ನೀರನ್ನೂ ಇದಕ್ಕೆ ಕೂಡಿಸಬೇಕು. ಇಡೀ ದಿನದ ಕಾಳನ್ನು ಮೂರು ಹೊತ್ತಿಗೆ ಹಂಚುವುದು ಒಳ್ಳೆಯದು. ಒಮ್ಮೆಗೇ ಹೊಟ್ಟೆ ಸೇರಿದ ಪಿಷ್ಟ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದು ಹುಳಿಯುತ್ತದೆ.

ಮರಿಯ ಬಾಯಿಗೆ ಬರಬಾರದ ವಸ್ತುಗಳೂ ಉಂಟು. ಕೋಳಿ ಮೇವಿನಲ್ಲಿ ಬಳಸುವ ಮೊನೆನ್ಸಿನ್ ಕುದುರೆಯ ಹೃದಯಕ್ಕೆ ವಿಷ, ಕೆ.ಜಿ. ತೂಕಕ್ಕೆ ಎರಡು-ಮೂರು ಮಿ.ಗ್ರಾಂ. ಸೇರಿದರೂ ಪ್ರಾಣ ಹೋಗಬಹುದು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ಯಕೃತ್ತನ್ನು ಕೆಡಿಸುವ ಅಫ್ಲಾಟಾಕ್ಸಿನ್ ಇರುತ್ತದೆ. ಹತ್ತಿಕಾಳಿನ ಹಿಂಡಿಯೂ ಎಳೆಯ ಮರಿಗೆ ತಕ್ಕದ್ದಲ್ಲ. ನಗರದಲ್ಲಿ ಇವಕ್ಕಿಂತ ಸಾಮಾನ್ಯವಾದದ್ದು ಕಲ್ಯಾಣಮಂಟಪದಲ್ಲಿ ಉಳಿದ ಅನ್ನ, ಸಿಹಿತಿಂಡಿ. ಪ್ರೀತಿಯಿಂದಲೇ ಹಾಕುತ್ತಾರೆ. ಗೊರಸಿನ ಉರಿಯೂತಕ್ಕೂ ಹೊಟ್ಟೆಶೂಲೆಗೂ ಅದೇ ನೆವ. ತಟ್ಟುಗಳ ಮೈ ಸ್ವಲ್ಪದರಲ್ಲೇ ಕೊಬ್ಬುವ ಜಾತಿಯದು. ಅವುಗಳ ಮರಿಗಳಿಗೆ ಹುಲ್ಲು, ಸೊಪ್ಪು, ಖನಿಜಗಳೇ ಮುಖ್ಯ, ಕಾಳು ಬೊಗಸೆಯ ಮಾತು.

ಹಾಲು ಬಿಡಿಸುವುದು

ನಾಲ್ಕರಿಂದ ಆರು ತಿಂಗಳ ನಡುವೆ ಮರಿಯನ್ನು ತಾಯಿಯಿಂದ ಬೇರ್ಪಡಿಸುತ್ತಾರೆ. ಆ ಹೊತ್ತಿಗೆ ಮರಿ ತನ್ನ ಪಾಲಿನ ಕಾಳು ಮತ್ತು ಹುಲ್ಲನ್ನು ದಿನವೂ ತಿಂದು ಮುಗಿಸುತ್ತಿರಬೇಕು, ತಿಂಗಳ ಲೆಕ್ಕಕ್ಕಿಂತ ಅದೇ ಸರಿಯಾದ ಗುರುತು. ಒಂಟಿಯಾಗಿ ಕೋಣೆಯಲ್ಲಿ ಕೂಡಿಹಾಕುವುದಕ್ಕಿಂತ, ಬಯಲಿನಲ್ಲಿರುವ ತಾಯಿಮರಿಗಳ ಗುಂಪಿನಿಂದ ತಾಯಂದಿರನ್ನು ಒಂದೊಂದಾಗಿ ಬೇರೆಡೆಗೆ ಒಯ್ಯುವುದು ಮರಿಗಳಿಗೆ ಕಡಿಮೆ ಕಂಗಾಲು. ಬೆಂಗಳೂರು ಸೀಮೆಯಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಮರಿಗಳಿಗೆ ಈ ಕಾಲ ಮಳೆಗಾಲದಲ್ಲೇ ಬೀಳುತ್ತದೆ. ತೇವದ ಬಯಲಿನಲ್ಲಿ ಹುಳುಗಳ ಕಾಟ ಹೆಚ್ಚು. ದುಂಡುಹುಳು ತುಂಬಿದ ಮರಿ ಎಷ್ಟು ತಿಂದರೂ ಹೊಟ್ಟೆ ಡೊಳ್ಳಾಗಿ ಮೈ ಒರಟಾಗಿಯೇ ಇರುತ್ತದೆ. ಎರಡು-ಮೂರು ತಿಂಗಳಿನಿಂದಲೇ ವೈದ್ಯರ ಸಲಹೆಯಂತೆ ಹುಳುವಿನ ಔಷಧ ಕೊಡುವುದು ಮೇವಿನ ಲೆಕ್ಕದಲ್ಲೇ ಸೇರಬೇಕಾದ್ದು.

ಬೇರ್ಪಟ್ಟ ಮರಿ ಕೆಲದಿನ ಸೊರಗುವುದು ಸಹಜ. ಆಮೇಲೆ ಹಸಿವು ಹೆಚ್ಚಿ ಭರದಿಂದ ತಿಂದು, ಕಳೆದುಕೊಂಡದ್ದನ್ನು ಒಮ್ಮೆಗೇ ತುಂಬಿಕೊಳ್ಳುವ ಕಾಲವೇ ಅಪಾಯದ್ದು.

ಎಲುಬಿನ ತೊಂದರೆಗಳು

ಉದ್ದ ಎಲುಬಿನ ಎರಡು ತುದಿಗಳಲ್ಲಿ ಮೆಲ್ಲೆಲುಬಿನ ಬೆಳವಣಿಗೆ ಫಲಕಗಳಿವೆ. ಮೆಲ್ಲೆಲುಬು ಹುಟ್ಟಿ, ಗಟ್ಟಿ ಎಲುಬಾಗಿ ಮಾರ್ಪಡುವ ವೇಗ ಮೈತೂಕದ ವೇಗಕ್ಕೆ ಹೊಂದದಿದ್ದರೆ ಮಂಡಿ ಮತ್ತು ಗೆಣ್ಣಿನ ಮೇಲೆ ಊತ, ಸ್ನಾಯುರಜ್ಜು ಬಿಗಿದು ನೆಟ್ಟಗಾದ ಗೊರಸು, ಕೀಲಿನೊಳಗೆ ಚೂರಾಗಿ ಸಡಿಲಗೊಳ್ಳುವ ಮೆಲ್ಲೆಲುಬು ಮುಂತಾದ ತೊಂದರೆಗಳು ಬರುತ್ತವೆ. ವಂಶಗುಣ, ಗಟ್ಟಿ ನೆಲದ ಮೇಲಿನ ಓಡಾಟ, ಹೆಚ್ಚಾದ ಪಿಷ್ಟ, ಕಡಿಮೆಯಾದ ತಾಮ್ರ, ತಲೆಕೆಳಗಾದ ಕ್ಯಾಲ್ಸಿಯಂ-ರಂಜಕ ಎಲ್ಲಕ್ಕೂ ಇದರಲ್ಲಿ ಪಾಲಿದೆ. ಪ್ರೋಟೀನ್ ಹೆಚ್ಚಾಯಿತೆಂದು ಮೊದಲು ಅದನ್ನು ಕಡಿತಗೊಳಿಸುವ ಅಭ್ಯಾಸಕ್ಕೆ ಆಧಾರವಿಲ್ಲ. ಕಡಿಮೆ ಮಾಡಬೇಕಾದ್ದು ಕಾಳಿನ ಶಕ್ತಿಯನ್ನು, ಉಳಿಸಬೇಕಾದ್ದು ಖನಿಜವನ್ನು.

13ನೇ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಗೆ ಬಂದ ಮಾರ್ಕೊ ಪೋಲೊ, ಅಲ್ಲಿ ಕುದುರೆಗಳಿಗೆ ಅನ್ನ ಮತ್ತು ಮಾಂಸ ಬೇಯಿಸಿ ಹಾಕುತ್ತಾರೆಂದೂ, ಉತ್ತಮ ತಂದೆತಾಯಿಗೂ ಕಾಲು ಸೊಟ್ಟಗಿನ ಕೃಶವಾದ ಮರಿಯೇ ಹುಟ್ಟುತ್ತದೆಂದೂ ಬರೆದಿದ್ದಾನೆ. ಅವನು ಹವೆಯನ್ನು ದೂರಿದ. ಅಕ್ಕಿಯಲ್ಲೂ ಮಾಂಸದಲ್ಲೂ ರಂಜಕ ಹೆಚ್ಚು, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ ಎಂಬುದನ್ನು ನೆನೆದರೆ ಆ ಸೊಟ್ಟ ಕಾಲುಗಳಿಗೆ ಮೇವಿನ ತೊಟ್ಟಿಯೇ ಕಾರಣವಾಗಿದ್ದಿರಬಹುದು. ಅದೇ ದಕ್ಷಿಣದ ಹವೆಯಲ್ಲಿ ಕುಣಿಗಲ್‌ನಲ್ಲಿ ನೇರ ಕಾಲಿನ ಮರಿಗಳು ಬೆಳೆದಿವೆ.

ಓಟದ ಕುದುರೆಗಳಲ್ಲಿ ಇನ್ನೊಂದು ಒತ್ತಡವಿದೆ. ಭಾರತದಲ್ಲಿ ಥರೋಬ್ರೆಡ್ ಮರಿ ಯಾವ ತಿಂಗಳಲ್ಲಿ ಹುಟ್ಟಿದರೂ ಜನವರಿ 1ಕ್ಕೆ ಅದರ ವಯಸ್ಸು ಒಂದು ವರ್ಷ ಏರುತ್ತದೆ. ಏಪ್ರಿಲ್‌ನಲ್ಲಿ ಹುಟ್ಟಿದ ಮರಿ ಜನವರಿಯಲ್ಲಿ ಹುಟ್ಟಿದ್ದರ ಜೊತೆ ಒಂದೇ ವಯಸ್ಸಿನದೆಂದು ಹರಾಜಿಗೆ ನಿಲ್ಲುತ್ತದೆ, ಓಟಕ್ಕೂ ನಿಲ್ಲುತ್ತದೆ. ತಡವಾಗಿ ಹುಟ್ಟಿದ್ದನ್ನು ಕಾಳು ತುಂಬಿ ದಪ್ಪ ಮಾಡಿ ಸರಿದೂಗಿಸುವ ಆಸೆ ಸಾಕುವವರನ್ನು ಕಾಡುತ್ತದೆ. ಕೊಳ್ಳುವವರ ಕಣ್ಣಿಗೂ ತುಂಬಿದ ಮೈಯೇ ಚೆಂದ. ಮರಿಯನ್ನು ವಾರವಾರ ತೂಗಿ, ಅಥವಾ ಎದೆಸುತ್ತಳತೆಯ ಪಟ್ಟಿಯಿಂದ ಅಳೆದು ಬರೆದಿಟ್ಟರೆ, ಏರುಪೇರು ಮೊದಲು ಕಾಣುವುದು ಆ ಪುಸ್ತಕದಲ್ಲಿ, ಕಾಲಿನ ಊತ ಆಮೇಲೆ. ದಿನಕ್ಕೆ ಸರಾಸರಿ 700 ಗ್ರಾಂ ಏರುತ್ತಿದ್ದ ಆರು ತಿಂಗಳ ಮರಿ ಇದ್ದಕ್ಕಿದ್ದಂತೆ ಒಂದು ಕೆ.ಜಿ. ಏರತೊಡಗಿದರೆ ಓಟ್ಸ್ ಇಳಿಸಿ ಒಣಸೊಪ್ಪು, ಹುಲ್ಲು ಹೆಚ್ಚಿಸುತ್ತಾರೆ. ದಿನದ ಹೆಚ್ಚು ಹೊತ್ತು ಮೆತ್ತನೆಯ ಬಯಲಿನಲ್ಲಿ ಸ್ವಚ್ಛಂದವಾಗಿ ಓಡಾಡಲು ಬಿಡುವುದೂ ಎಲುಬು ಗಟ್ಟಿಯಾಗಲು ಬೇಕು.

ವರ್ಷ ತುಂಬಿದ ಮೇಲೆ

ವರ್ಷದ ಮರಿಯ ಬೆಳವಣಿಗೆ ದಿನಕ್ಕೆ ಅರ್ಧ ಕೆ.ಜಿ.ಗಿಂತ ಕೆಳಗಿಳಿಯುತ್ತದೆ. ದೊಡ್ಡ ಕರುಳು ಬಲಿತು, ಮೇವಿನ ಅರ್ಧಕ್ಕಿಂತ ಹೆಚ್ಚು ಪಾಲನ್ನು ಹುಲ್ಲಿನಿಂದಲೇ ಪಡೆಯಬಲ್ಲದು. ಈಗ ಕಾಳಿನಲ್ಲಿ ಪ್ರೋಟೀನ್ ಶೇ. 14ರಷ್ಟಿದ್ದರೆ ಸಾಕು, ಕ್ಯಾಲ್ಸಿಯಂ ಅಗತ್ಯ ಮಾತ್ರ ದಿನಕ್ಕೆ 38 ಗ್ರಾಂನಷ್ಟೇ ಉಳಿಯುತ್ತದೆ, ಆರು ತಿಂಗಳಲ್ಲಿದ್ದಷ್ಟೇ. ಸ್ಟಡ್ ಫಾರಂನಿಂದ ತರಬೇತುದಾರರ ಲಾಯಕ್ಕೆ ಮರಿ ಹೋಗುವುದು ಸಾಮಾನ್ಯವಾಗಿ ಒಂದೂವರೆ ವರ್ಷದ ನಂತರ. ಬಯಲಿನ ಹಸಿರು ತಪ್ಪಿ, ದಿನದ ಬಹುಪಾಲು ಕೋಣೆಯಲ್ಲಿ ನಿಂತು, ಓಟ್ಸ್ ಹೆಚ್ಚಿರುವ ಮೇವಿಗೆ ಹೊಂದಿಕೊಳ್ಳಬೇಕಾದ ಈ ಬದಲಾವಣೆಯನ್ನು ಹತ್ತು ಹದಿನೈದು ದಿನಗಳಲ್ಲಿ ಹಂತಹಂತವಾಗಿ ಮಾಡುತ್ತಾರೆ. ಮರಿಯ ಜೊತೆ ಫಾರಂನ ಕೆಲವು ದಿನಗಳ ಮೇವನ್ನೇ ಕಳುಹಿಸುವುದು ಒಳ್ಳೆಯ ರೂಢಿ. ಮುಂಗಾಲಿನ ಮಂಡಿಯ ಮೇಲಿನ ಬೆಳವಣಿಗೆ ಫಲಕ ಮುಚ್ಚುವುದು ಎರಡರಿಂದ ಎರಡೂವರೆ ವರ್ಷದ ನಡುವೆ. ತರಬೇತಿ ಅದಕ್ಕೆ ಮೊದಲೇ ಶುರುವಾಗುವುದರಿಂದ, ತರಬೇತಿಯ ಲಾಯದಲ್ಲೂ ಕುದುರೆ ಮಸಾಲೆಯನ್ನೂ ಖನಿಜ ಮಿಶ್ರಣವನ್ನೂ ಮರಿಯ ಅಳತೆಯಲ್ಲೇ ಮುಂದುವರಿಸುತ್ತಾರೆ.